ಅಪ್ಪನ ಬೆರಳಿಗೆ ಕ್ಲಿಪ್, ನನ್ನ ಫೋನಿಗೆ ಮೆಸೇಜ್

ಅಪ್ಪ ಅವ್ವ ಮುಳಗುಂದದಲ್ಲಿದ್ದಾರೆ, ನಾನು ಹುಬ್ಬಳ್ಳಿಯಲ್ಲಿ. ಗದಗದಲ್ಲಿ ಬಸ್ ಬದಲಿಸಿ ಮನೆ ಮುಟ್ಟೋದರಲ್ಲಿ ಎರಡು ತಾಸು ದಾಟುತ್ತದೆ. ಅಪ್ಪನಿಗೆ ಅರಳೆ ಜಿನ್ನಿನಲ್ಲಿ ಮೂವತ್ತು ವರ್ಷದ ದುಡಿಮೆ, ಜೊತೆಗೆ ಬೀಡಿ, ಈಗ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಫೋನ್ ಮಾಡಿ ಕೇಳಿದರೆ ಯಾವಾಗಲೂ ಒಂದೇ ಉತ್ತರ: "ಆರಾಮ ಅದೀನಿ ಬಿಡಪಾ." ಆ ಆರಾಮ ಎಷ್ಟು ಅಂತ ನನಗೊಂದು ನಂಬರ್ ಬೇಕಾಗಿತ್ತು.

ಇನ್ವರ್ಟರ್ ರಿಪೇರಿ ನನ್ನ ಕೆಲಸ, ಹಾಗಾಗಿ ಸೋಲ್ಡರಿಂಗ್ ಹೊಸದಲ್ಲ. ಮೊದಲು ಮ್ಯಾಕ್ಸ್30102 ಅನ್ನೋ ಸಣ್ಣ ಸೆನ್ಸರ್ ತಂದು ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದೆ. ಅದು ಬೆರಳಿನೊಳಗೆ ಕೆಂಪು ಬೆಳಕು ಮತ್ತು ಇನ್‌ಫ್ರಾರೆಡ್ ಎರಡನ್ನೂ ಬಿಡುತ್ತದೆ. ಆಕ್ಸಿಜನ್ ಇರುವ ರಕ್ತ ಇನ್‌ಫ್ರಾರೆಡ್ಡನ್ನು ಜಾಸ್ತಿ ಹೀರುತ್ತದೆ, ಇಲ್ಲದ್ದು ಕೆಂಪನ್ನು. ಎಷ್ಟು ವಾಪಸ್ ಬಂತು ಅನ್ನೋದರ ಮೇಲೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನೋ ಲೆಕ್ಕ. ಆದರೆ ಬೋರ್ಡ್ ಸೆನ್ಸರನ್ನು ಗುರುತೇ ಹಿಡಿಯಲಿಲ್ಲ, ಎರಡು ದಿನ ವೈರ್ ಬದಲಿಸಿದ್ದೇ ಬಂತು, ಕೊನೆಗೆ ನೋಡಿದರೆ ನನ್ನ ಹತ್ತಿರ ಇದ್ದ ಸೋವಿ ಮಾಡ್ಯೂಲಿನಲ್ಲಿ ಸಿಗ್ನಲ್ ತಂತಿಯ ವೋಲ್ಟೇಜನ್ನು ಮೇಲೆತ್ತಿ ಹಿಡಿಯುವ ಪುಲ್‌ಅಪ್ ರೆಸಿಸ್ಟರ್‌ಗಳನ್ನು 1.8 ವೋಲ್ಟಿಗೆ ಕಟ್ಟಿದ್ದರು, ಇಎಸ್‌ಪಿಗೆ 3.3 ಬೇಕು. ಆ ಟ್ರ್ಯಾಕ್ ಕಡಿದು ಹೊರಗಿನಿಂದ 4.7 ಕಿಲೋಓಮ್ ಹಾಕಿದ ಮೇಲೆ ಜೀವ ಬಂತು.

ನನ್ನ ಬೆರಳಿಗೆ ಚೆನ್ನಾಗಿ ತೋರಿಸಿತು. ಅಪ್ಪನ ಬೆರಳಿಗೆ ಇಟ್ಟರೆ ಕುಣಿದಾಟ! ಗಟ್ಟಿ ಒತ್ತಿದರೆ ಅಲ್ಲಿನ ರಕ್ತವೇ ಸರಿದುಹೋಗುತ್ತದೆ, ಸಡಿಲ ಇಟ್ಟರೆ ಹೊರಗಿನ ಬೆಳಕು ನುಗ್ಗುತ್ತದೆ. ಕಲಿಯೋಕೆ ಒಳ್ಳೆಯದು, ರೋಗಿಗೆ ಬೇಡ.

ಅದನ್ನು ಬಿಟ್ಟು ಬ್ಲೂಟೂತ್ ಇರುವ ಕ್ಲಿಪ್ ಮೀಟರ್ ತಂದೆ. ಈಗ ಇಎಸ್‌ಪಿ32 ಮಾಡೋದು ಅಂಚೆಯವನ ಕೆಲಸ ಮಾತ್ರ: ಮೀಟರಿನಿಂದ ಬ್ಲೂಟೂತಿನಲ್ಲಿ ತೆಗೆದುಕೊಂಡು ವೈಫೈಯಲ್ಲಿ ಕಳಿಸೋದು. ತಗೊಳ್ಳುವ ಮುಂಚೆ ಒಂದು ನೋಡಿಕೊಳ್ಳಿ. ಇಂಥ ಮೀಟರ್‌ಗಳಿಗೆ ಬ್ಲೂಟೂತಿನಲ್ಲಿ 1822 ಅಂತ ಒಂದು ಸರ್ವಿಸ್ ನಂಬರ್ ಇದೆ. ಸುಮಾರು ಮೀಟರ್‌ಗಳು ಅದನ್ನು ಪಾಲಿಸೋದಿಲ್ಲ, ನನ್ನದೂ ಪಾಲಿಸಲಿಲ್ಲ, ಹಾಗಾಗಿ ಒಂದು ಇಡೀ ಭಾನುವಾರ ಮೀಟರಿನ ಪರದೆ ನೋಡುತ್ತಾ ಯಾವ ಬೈಟ್ ಎಸ್‌ಪಿಒ2 (ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಪ್ರಮಾಣ), ಯಾವುದು ನಾಡಿ ಅಂತ ಹೊಂದಿಸಿದೆ.

ಕಳಿಸೋದು ಎಂಕ್ಯೂಟಿಟಿಯಲ್ಲಿ, ಸಾಧನಗಳು ಸರ್ವರ್ ಮೂಲಕ ಪುಟ್ಟ ಸಂದೇಶ ಕಳಿಸುವ ಪದ್ಧತಿ ಅದು. 1999ರಲ್ಲಿ ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಸ್ಯಾಟಲೈಟ್ ಮೂಲಕ ಕಣ್ಣಿಡೋಕೆ ಹುಟ್ಟಿದ್ದು ಇದು, ಹಳ್ಳಿಯ ಕುಂಟು ನೆಟ್‌ವರ್ಕಿಗೆ ಹೇಳಿ ಮಾಡಿಸಿದ ಹಾಗಿದೆ. ಶುರುವಿನಲ್ಲಿ ಪುಕ್ಕಟೆ ಟೆಸ್ಟ್ ಸರ್ವರಿಗೆ ಕಳಿಸುತ್ತಿದ್ದೆ. ಅಲ್ಲಿ ಅಪ್ಪನ ನಾಡಿಯನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದು ಅಂತ ಹೊಳೆದ ದಿನವೇ ಬಿಟ್ಟೆ. ಈಗ ಸ್ವಂತದ್ದು, ಪಾಸ್‌ವರ್ಡ್ ಹಾಕಿ, ನಡುವೆ ಯಾರೂ ಓದದಂತೆ ಗುಪ್ತವಾಗಿ ಕಳಿಸುವ 8883 ಪೋರ್ಟಿನಲ್ಲಿ.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಎಸ್‌ಪಿಒ2 94ಕ್ಕಿಂತ ಕೆಳಗೆ ಬಂದರೆ ಫೋನಿಗೆ ಮೆಸೇಜ್ ಅಂತ ಬರೆದಿದ್ದೆ. ಮೊದಲ ದಿನವೇ ಹದಿನೇಳು ಮೆಸೇಜ್! ಗದಗಿನ ಡಾಕ್ಟರಿಗೆ ತೋರಿಸಿದರೆ ನಕ್ಕರು. "ಇವರಂಥವರಿಗೆ 88ರಿಂದ 92 ಇದ್ದರೆ ಸಾಕ್ರೀ, 98ಕ್ಕೆ ಏರಿಸಲಿಕ್ಕೆ ಹೋಗಬ್ಯಾಡ್ರಿ." ಕೆಲವು ಸಿಒಪಿಡಿ ರೋಗಿಗಳಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದಂತೆ. ಈ ಗೆರೆ ಅಪ್ಪನದು, ನಿಮ್ಮ ಮನೆಯವರದ್ದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನಾನು 88ಕ್ಕೆ ಇಳಿಸಿದೆ, ಅದೂ ಎರಡು ನಿಮಿಷ ಬಿಡದೆ ಕೆಳಗಿದ್ದರೆ ಮಾತ್ರ.

ಆಮೇಲೆ ಎರಡು ದಿನ ಒಂದೂ ಮೆಸೇಜ್ ಬರಲಿಲ್ಲ. ಅಪ್ಪ ಆರಾಮ ಅಂತ ನಾನೂ ಆರಾಮ. ಮೂರನೇ ದಿನ ಮಾತಿನ ನಡುವೆ ಅವ್ವ ಹೇಳಿದಳು: "ಆ ಡಬ್ಬಿ ಲೈಟ್ ಸುಮ್ನ ಹತ್ತಿತ್ತು, ಬಿಲ್ ಬರ್ತೈತಂತ ತಗದಿಟ್ಟೇನಿ." ಬೆವರು ಬಂತು ನನಗೆ. ಎಂಕ್ಯೂಟಿಟಿಯಲ್ಲಿ ಲಾಸ್ಟ್ ವಿಲ್ ಅಂತ ಒಂದಿದೆ, ಅಂದರೆ ಉಯಿಲು. ಸಾಧನ ಹೇಳದೆ ಕೇಳದೆ ಮಾಯವಾದರೆ ಅದರ ಪರವಾಗಿ ಸರ್ವರೇ ಸುದ್ದಿ ಹೊರಡಿಸುತ್ತದೆ. ಕೀಪ್‌ಅಲೈವ್ (ಸಾಧನ ಎಷ್ಟು ಹೊತ್ತಿನೊಳಗೆ 'ಇದ್ದೇನೆ' ಅನ್ನಬೇಕು ಅನ್ನೋ ಗಡುವು) 60 ಸೆಕೆಂಡ್ ಇಟ್ಟರೆ, ಸರ್ವರ್ ಅದರ ಒಂದೂವರೆ ಪಟ್ಟು ಕಾಯುವುದರಿಂದ 90 ಸೆಕೆಂಡಿಗೆ ಗೊತ್ತಾಗುತ್ತದೆ. ಅದನ್ನು ಮೊದಲ ದಿನವೇ ಹಾಕಬೇಕಿತ್ತು. ವೈಫೈ ಡಬ್ಬಿಗೆ ಒಂದು ಸಣ್ಣ ಯುಪಿಎಸ್ ಇಟ್ಟೆ, ಪ್ಲಗ್ಗಿಗೆ ಟೇಪ್ ಸುತ್ತಿದೆ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಆರಕ್ಕೆ 81 ಅಂತ ಬಂತು. ಫೋನ್ ಎತ್ತುವವರಿಲ್ಲ. ಪಕ್ಕದ ಮನೆ ಹುಡುಗನನ್ನು ಎಬ್ಬಿಸಿ ಓಡಿಸಿದೆ. ಫೋನ್ ಚಾಲೂ ಇಟ್ಟುಕೊಂಡೇ ಹೋದ, ಎಲ್ಲ ಕೇಳುತ್ತಿತ್ತು.

"ಕಾಕಾ, ನಿಮಗ ಉಸಿರು ಕಮ್ಮಿ ಆಗೇತಂತ್ರಿ!"

"ಯಾರಂದ್ರಲೇ? ನನ್ನ ಉಸಿರು ನನಗ ಗೊತ್ತಿಲ್ಲನು?"

ಅಪ್ಪ ತಣ್ಣೀರಲ್ಲಿ ಕೈಕಾಲು ತೊಳೆದು ಬಂದು ನೇರ ಕ್ಲಿಪ್ ಹಾಕಿಕೊಂಡಿದ್ದರು. ಬೆರಳು ಮಂಜುಗಡ್ಡೆಯಂತೆ. ಹುಡುಗ ಅಂಗೈ ತಿಕ್ಕಿ, ಚಹಾದ ಬಿಸಿ ಲೋಟ ಹಿಡಿಸಿ ಮತ್ತೆ ಹಾಕಿದರೆ 91. ಮದರಂಗಿ ಹಚ್ಚಿದ ಬೆರಳೂ ಹೀಗೇ ದಾರಿ ತಪ್ಪಿಸಬಹುದು, ಮದುವೆ ಸೀಸನ್ನಿನಲ್ಲಿ ನೆನಪಿರಲಿ. ಈಗ ಮೊದಲ ಮೆಸೇಜ್ ಹೋಗೋದೇ ಆ ಹುಡುಗನಿಗೆ, ಎರಡನೆಯದು ನನಗೆ. ಹುಬ್ಬಳ್ಳಿಯಲ್ಲಿ ಕೂತು ನಾನು ಗಾಬರಿಯಾಗಿ ಏನು ಮಾಡಲಿ?

ಕೆಲಸಕ್ಕೆ ಬಂದದ್ದು ಮೆಸೇಜಿಗಿಂತ ಗ್ರಾಫ್. ಶ್ರಾವಣದ ಮಳೆಯಲ್ಲಿ ಅಪ್ಪನ ಕೂತಾಗಿನ ನಾಡಿ 78ರಿಂದ ಮೂರು ದಿನದಲ್ಲಿ 96ಕ್ಕೆ ಏರಿತು. ಎಸ್‌ಪಿಒ2 ಇನ್ನೂ 90ರಲ್ಲೇ ಇತ್ತು, ಒಂದೂ ಮೆಸೇಜ್ ಬಂದಿರಲಿಲ್ಲ. ಕರೆದುಕೊಂಡು ಹೋದೆವು, ಎದೆಯಲ್ಲಿ ಸೋಂಕು. ಗ್ರಾಫ್ ನೋಡಿ ಡಾಕ್ಟರ್ ಕೇಳಿದ್ದು, "ನಿಮಿಷಕ್ಕ ಉಸಿರು ಎಷ್ಟರೀ?" ಅದು ನನ್ನ ಹತ್ತಿರ ಇರಲಿಲ್ಲ.

ಅದಕ್ಕೂ ಸೆನ್ಸರ್ ಇದೆ, ಎದೆಗೆ ಪಟ್ಟಿ ಕಟ್ಟಬೇಕು. ಅಪ್ಪ ಒಪ್ಪಲಿಲ್ಲ. ಹಾಗಾಗಿ ಆ ಲೆಕ್ಕ ಅವ್ವನ ಪಾಲಿಗೆ ಬಂದಿದೆ. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಮನುಷ್ಯ ಉಸಿರಾಡುವ ರೀತಿಯೇ ಬದಲಾಗುತ್ತದೆ, ಅದಕ್ಕೇ ಸಂಜೆ ಅವ್ವ ಮೊರದಲ್ಲಿ ಜೋಳ ಹಾಕಿಕೊಂಡು ಅಪ್ಪನ ಎದುರಿಗೆ ಕೂರುತ್ತಾಳೆ, ಒಂದು ಕಣ್ಣು ಗೋಡೆ ಗಡಿಯಾರದ ಮೇಲೆ, ಒಂದು ಅವರ ಎದೆಯ ಮೇಲೆ, ಆಮೇಲೆ ಹಿತ್ತಲಿಗೆ ಹೋಗಿ ನನಗೆ ಫೋನ್ ಮಾಡಿ ಮೆಲ್ಲಗೆ ಹೇಳುತ್ತಾಳೆ: "ಇವತ್ತ ಇಪ್ಪತ್ತು."