ಸ್ಟಿಕ್ಕರ್ ಮೇಲಿನ 54 ನಂಬಬೇಡಿ, ಗೋಡೆಗೆ ಹಚ್ಚಿ ಅಳೆಯಿರಿ

ಹಳೆ ರೋಡ್ ಬೈಕಿನ (ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲಿನ ಓಟದ ಸೈಕಲ್ಲಿನ) ಮೇಲೆ ಕೂರದೆಯೇ, ಮಾರುವವರಿಂದ ನಾಲ್ಕು ಅಳತೆ ತರಿಸಿಕೊಂಡು, ಫ್ರೇಮ್ ನಮಗೆ ಹೊಂದುತ್ತದೋ ಇಲ್ಲವೋ ಹೇಳಬಹುದು. ಅರ್ಧ ಸೆಂಟಿಮೀಟರ್ ಆಚೀಚೆ ಆಗಬಹುದು, ಅಷ್ಟೇ. ಇದನ್ನು ಮೊದಲು ಹೇಳಿದಾಗ ನಮ್ಮ ಮುಂಜಾನೆಯ ಸವಾರರಲ್ಲಿ ಒಬ್ಬರೂ ಒಪ್ಪಲಿಲ್ಲ. "ಕುಂತು ನೋಡ್ಲಾರ್ದೆ ಸೈಕಲ್ ತಗೋತೀರೇನ್ರೀ?" ಎಂದರು. ಈಗ ಈ ಲೆಕ್ಕದಲ್ಲಿ ಆರಿಸಿದ ಹನ್ನೊಂದು ಸೈಕಲ್ ಕಲಬುರಗಿಗೆ ಬಂದಿವೆ. ಹತ್ತು ಬರೋಬ್ಬರಿ ಕೂತಿವೆ. ಒಂದು ತಪ್ಪಿತು, ಅದರ ಕಾರಣವನ್ನೂ ಮುಂದೆ ಬರೆದಿದ್ದೇನೆ.

ನಮ್ಮ ಕಡೆ ಇದಕ್ಕೆ ಬೇರೆ ದಾರಿಯೂ ಇಲ್ಲ. ಓಡಿಸಿ ನೋಡಿ ಕೊಳ್ಳುವಷ್ಟು ಹಳೆ ರೋಡ್ ಬೈಕುಗಳು ಈ ಊರಲ್ಲಿ ಮಾರಾಟಕ್ಕೆ ಬರುವುದಿಲ್ಲ. ಬರುವುದೆಲ್ಲ ಹೈದರಾಬಾದ್, ಸೊಲ್ಲಾಪುರ, ಪುಣೆ, ಬೆಂಗಳೂರಿನಿಂದ. ಹೈದರಾಬಾದಿಗೆ ಹೋಗಿ ನೋಡಿ ಬರಬೇಕೆಂದರೆ ಒಂದು ಇಡೀ ದಿನ ಮತ್ತು ಸಾವಿರ ಸಾವಿರದೈನೂರು ರೂಪಾಯಿ ಬೇಕು. ಅಲ್ಲಿಗೆ ಹೋದ ಮೇಲೆ, ಬರಿಗೈಲಿ ಹೇಗೆ ತಿರುಗುವುದು ಎಂದು ಸೈಜ್ ತಪ್ಪಿದ್ದನ್ನೇ ತಂದುಕೊಂಡವರು ನಮ್ಮಲ್ಲೇ ಇಬ್ಬರಿದ್ದಾರೆ.

ಈ ರೀತಿ ಹಿಡಿಯುವ ಮೊದಲು ಎರಡು ಫ್ರೇಮಿನಲ್ಲಿ ರೊಕ್ಕ ಹೋಯಿತು. ಮೊದಲನೆಯದು ಹಳೆ ಸ್ಟೀಲ್ ಫ್ರೇಮ್, ಸುಮಾರು 14,000. ಸೀಟ್ ಟ್ಯೂಬ್ (ಸೀಟಿನಿಂದ ಪೆಡಲಿನ ಅಚ್ಚಿಗೆ ಇಳಿಯುವ ಕೊಳವೆ) 54 ಸೆಂ.ಮೀ. ಎಂದು ಮಾರುವವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅಚ್ಚಿನ ನಡುವಿನಿಂದ ಟಾಪ್ ಟ್ಯೂಬಿನ (ಸೀಟಿನಿಂದ ಹ್ಯಾಂಡಲ್ ಕಡೆ ಹೋಗುವ ಮೇಲಿನ ಕೊಳವೆಯ) ನಡುವಿಗೆ ಅಳೆದ 54. ಸೀಟ್ ಟ್ಯೂಬಿನ ತುದಿಯವರೆಗೆ ಅಳೆದರೆ 55 ದಾಟುತ್ತಿತ್ತು, ಟಾಪ್ ಟ್ಯೂಬ್ ಐವತ್ತಾರೂವರೆ ಇತ್ತು. ಆಳಂದ ಮುಟ್ಟುವುದರೊಳಗೆ ಎರಡೂ ಕೈಯ ಕಿರುಬೆರಳು ಜೋಮು ಹಿಡಿಯುತ್ತಿದ್ದವು. 110 ಮಿ.ಮೀ. ಉದ್ದದ ಕ್ವಿಲ್ ಸ್ಟೆಮ್ (ಹ್ಯಾಂಡಲನ್ನು ಹಿಡಿದಿರುವ ಹಳೆ ಮಾದರಿಯ ತುಂಡು) ತೆಗೆದು 80ರದು ಹಾಕಿದ್ದಕ್ಕೆ 900 ಹೋಯಿತು. ಕೈ ಸುಧಾರಿಸಿತು, ಹ್ಯಾಂಡಲ್ ಮಾತ್ರ ಚಂಚಲವಾಯಿತು. ಕೊನೆಗೆ 9,500ಕ್ಕೆ ಕೊಟ್ಟದ್ದಾಯಿತು.

ದೊಡ್ಡದು ಕಾಡಿತೆಂದು ಎರಡನೆಯ ಸಲ ಬೇಕೆಂದೇ ಸಣ್ಣದು, ಎಸ್ ಸೈಜು, 31,000 ಕೊಟ್ಟು ಕೊಂಡದ್ದು. ಅದು ಇನ್ನೂ ದುಬಾರಿ ಪಾಠ. ಸಣ್ಣದನ್ನು ಸ್ಟೆಮ್ ಹಾಕಿ ಉದ್ದ ಮಾಡಬಹುದು ಎನ್ನುವ ಮಾತು ಅರ್ಧ ಮಾತ್ರ ನಿಜ. ಉದ್ದ ಸಿಗುತ್ತದೆ, ಎತ್ತರ ಸಿಗುವುದಿಲ್ಲ. ಹಿಂದಿನ ಮಾಲೀಕರು ಫೋರ್ಕಿನ ಕಾರ್ಬನ್ ಸ್ಟೀಯರರನ್ನು (ಸ್ಟೆಮ್ ಕೂರುವ ಮೇಲಿನ ಕೊಳವೆಯನ್ನು) ಸ್ಪೇಸರಿಗೆ (ಸ್ಟೆಮ್ ಎತ್ತರಿಸುವ ಬಳೆಗೆ) ಜಾಗವೇ ಇಲ್ಲದಂತೆ ಕತ್ತರಿಸಿಬಿಟ್ಟಿದ್ದರು. ಸೀಟಿಗೂ ಹ್ಯಾಂಡಲಿಗೂ 12 ಸೆಂ.ಮೀ. ವ್ಯತ್ಯಾಸ, ಮುಕ್ಕಾಲು ಗಂಟೆಗೆ ಕುತ್ತಿಗೆ ಹಿಡಿಯುತ್ತಿತ್ತು. 350 ಮಿ.ಮೀ.ನ ಸೀಟ್ ಪೋಸ್ಟ್ (ಸೀಟಿನ ಕಂಬ), 17 ಡಿಗ್ರಿ ಸ್ಟೆಮ್ ಸೇರಿ ಮತ್ತೆ ಸುಮಾರು 2,800 ಸುರಿದದ್ದಾಯಿತು. ತಿರುವಿನಲ್ಲಿ ಷೂ ತುದಿ ಮುಂದಿನ ಚಕ್ರಕ್ಕೆ ತಾಗುವುದು ಹೋಗಲೇ ಇಲ್ಲ. 24,000ಕ್ಕೆ ಮಾರಾಟ. ಎರಡೂ ಸೇರಿ ಹದಿನೈದು ಸಾವಿರದ ಸುತ್ತ ನೀರಿಗೆ ಹೋಯಿತು.

ಸ್ಟಿಕ್ಕರಿನ ಸಂಖ್ಯೆ ಮೋಸ ಮಾಡುವುದು ಹೀಗೆ. ಟಾಪ್ ಟ್ಯೂಬ್ ಇಳಿಜಾರಿರುವ ಈಗಿನ ಫ್ರೇಮಿನ ಮೇಲೆ 56 ಎಂದಿದ್ದರೂ ಟೇಪ್ ಹಿಡಿದರೆ ಸೀಟ್ ಟ್ಯೂಬ್ 52–53 ಬರುತ್ತದೆ. ಟ್ರೆಕ್ 54, 56 ಎಂದು ಬರೆದರೆ ಜೈಂಟ್ ಎಂ, ಎಂ/ಎಲ್ ಎಂದು ಬರೆಯುತ್ತದೆ. ಇವೆರಡನ್ನು ಎದುರುಬದುರು ಇಟ್ಟು ಏನೂ ಹೇಳಲಾಗದು. ಟಾಪ್ ಟ್ಯೂಬಿನ ಸಮತಲ ಉದ್ದ ಹೋಲಿಸುತ್ತೇನೆಂದರೂ ಸೀಟ್ ಟ್ಯೂಬಿನ ಕೋನ ಅಡ್ಡ ಬರುತ್ತದೆ. ಎರಡು ಫ್ರೇಮಿಗೂ 55 ಸೆಂ.ಮೀ. ಇದ್ದು, ಒಂದರ ಕೋನ 72.5, ಇನ್ನೊಂದರದು 74 ಇದ್ದರೆ, ಬಿ.ಬಿ.ಯಿಂದ (ಬಾಟಮ್ ಬ್ರ್ಯಾಕೆಟ್, ಪೆಡಲಿನ ಅಚ್ಚು ಕೂರುವ ಜಾಗದಿಂದ) ಮುಂದಕ್ಕೆ ಸಿಗುವ ಜಾಗದಲ್ಲಿ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ಫರಕು ಬೀಳುತ್ತದೆ. ಅದಕ್ಕೇ ರೀಚ್ ಮತ್ತು ಸ್ಟ್ಯಾಕ್ ಎರಡನ್ನೇ ಹಿಡಿಯಬೇಕು. ಬಿ.ಬಿ. ನಡುವಿನಿಂದ ಹೆಡ್ ಟ್ಯೂಬಿನ (ಫೋರ್ಕ್ ತೂರಿ ಬರುವ ಮುಂದಿನ ಕೊಳವೆಯ) ಮೇಲ್ತುದಿಯ ನಡುವಿಗೆ ಅಡ್ಡ ಎಷ್ಟು (ಅದು ರೀಚ್), ಎತ್ತರ ಎಷ್ಟು (ಅದು ಸ್ಟ್ಯಾಕ್) ಎಂಬುದು ಸಿಕ್ಕರೆ ಸಾಕು.

ಹಳೆ ಮಾಡೆಲ್‌ಗಳ ಅಳತೆ ಕೋಷ್ಟಕ ಸಿಗುವುದು ಕಷ್ಟ. ಹಾಗಾಗಿ ಗೋಡೆಯ ಉಪಾಯ. ಸೈಕಲ್ಲಿನ ಹಿಂದಿನ ಚಕ್ರ ಗೋಡೆಗೆ ತಾಗುವಂತೆ ನೆಟ್ಟಗೆ ನಿಲ್ಲಿಸಬೇಕು, ಎರಡೂ ಚಕ್ರಕ್ಕೆ ಒಂದೇ ಗಾಳಿ ಇರಬೇಕು, ಹ್ಯಾಂಡಲ್ ನೇರ ಇರಬೇಕು. ಪಾಲಿಷ್ ಮಾಡಿದ ಶಹಾಬಾದ್ ಫರಸಿಯ ನೆಲ ಇದಕ್ಕೆ ಹೇಳಿ ಮಾಡಿಸಿದಂಥದು. ಗೋಡೆಗೆ ಕಾಟಕೋನ ಇರುವ ಒಂದು ಸಂದಿಯ ಗೆರೆಯ ಮೇಲೆ ಎರಡೂ ಚಕ್ರ ಕೂರಿಸಿದರೆ ಸೈಕಲ್ ಗೋಡೆಗೆ ಓರೆಯಾಗದೆ ಸೀದಾ ಬರುತ್ತದೆ. ಆಮೇಲೆ ಗೋಡೆಯಿಂದ ಬಿ.ಬಿ. ನಡುವಿಗೆ, ಗೋಡೆಯಿಂದ ಹೆಡ್ ಟ್ಯೂಬ್ ಮೇಲ್ತುದಿಯ ನಡುವಿಗೆ, ನೆಲದಿಂದ ಈ ಎರಡೇ ಬಿಂದುಗಳಿಗೆ ಅಳೆಯಬೇಕು. ಗೌಂಡಿಗಳ ತೂಗುಗುಂಡನ್ನು ಆ ಬಿಂದುವಿನಿಂದ ಇಳಿಬಿಟ್ಟು ಫರಸಿಯ ಮೇಲೆ ಪೆನ್ಸಿಲ್ ಗುರುತು ಹಾಕಿದರೆ ಟೇಪ್ ಓರೆಯಾಗುವ ತಪ್ಪು ಆಗುವುದಿಲ್ಲ. ಗುಂಡು ಇಲ್ಲದವರಿಗೆ ದಾರಕ್ಕೆ ಒಂದು ದೊಡ್ಡ ನಟ್ಟು ಕಟ್ಟಿಕೊಳ್ಳಲು ಹೇಳುತ್ತೇನೆ.

ಒಂದು ನಿಜವಾದ ಅಳತೆ ನೋಡಿ. ಗೋಡೆಯಿಂದ ಬಿ.ಬಿ.ಗೆ 74.0, ಹೆಡ್ ಟ್ಯೂಬಿಗೆ 112.2. ಕಳೆದರೆ ರೀಚ್ 38.2. ನೆಲದಿಂದ 26.8 ಮತ್ತು 82.3, ಕಳೆದರೆ ಸ್ಟ್ಯಾಕ್ 55.5. ಇಂಚು, ಸೆಂಟಿಮೀಟರ್ ಕಲಸಿ ಕಳಿಸುವವರು ಬಹಳ, ಅದಕ್ಕೇ ಬಂದ ಅಳತೆ ನಂಬುವ ಮೊದಲು ಎರಡು ಪರೀಕ್ಷೆ ಮಾಡುತ್ತೇನೆ. ರೋಡ್ ಬೈಕಿನ ಬಿ.ಬಿ. ನೆಲದಿಂದ 26ರಿಂದ 27.5ರೊಳಗೆ ಇರಬೇಕು. ಗೋಡೆಯಿಂದ ಬಿ.ಬಿ.ಗೆ 74ರ ಆಸುಪಾಸು ಬರಬೇಕು. ಚೈನ್ ಸ್ಟೇ (ಬಿ.ಬಿ.ಯಿಂದ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಕೊಳವೆ) 41 ಹತ್ತಿರ, ಚಕ್ರದ ಅರ್ಧ ವ್ಯಾಸ 33–34, ಬೇರೆ ಏನೂ ಬರಲಿಕ್ಕೆ ಸಾಧ್ಯವಿಲ್ಲ. 78 ಎಂದು ಬಂದರೆ ಟೇಪ್ ತಪ್ಪಿದೆ, ಇಲ್ಲವೇ ಅದು ಡ್ರಾಪ್ ಹ್ಯಾಂಡಲ್ ಹಾಕಿದ ಹೈಬ್ರಿಡ್ (ಮೂಲತಃ ನೇರ ಹ್ಯಾಂಡಲಿನ ಸೈಕಲ್).

ಹನ್ನೊಂದರಲ್ಲಿ ತಪ್ಪಿದ ಆ ಒಂದು ಸೈಕಲ್ ಅಳೆದದ್ದು ಮಾಳಿಗೆಯ ಮೇಲೆ. ಮಳೆನೀರು ಹೋಗಲೆಂದು ಮಾಳಿಗೆಗೆ ಇಳಿಜಾರು ಕೊಟ್ಟಿರುತ್ತಾರೆ. ನೆಲ ಒಂದು ಡಿಗ್ರಿ ವಾಲಿದರೆ ರೀಚ್‌ನಲ್ಲಿ ಹತ್ತಿರ ಹತ್ತಿರ ಒಂದು ಸೆಂ.ಮೀ. ತಪ್ಪು ಬರುತ್ತದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗವೂ ಹಾಗೆಯೇ. ಈಗ ಪ್ರತಿಯೊಬ್ಬರಿಗೂ ಸೈಕಲ್ ತಿರುಗಿಸಿ, ಮುಂದಿನ ಚಕ್ರ ಗೋಡೆಗೆ ತಾಗಿಸಿ, ಅದೇ ಜಾಗದಲ್ಲಿ ಇನ್ನೊಮ್ಮೆ ಅಳೆಯಲು ಹೇಳುತ್ತೇನೆ. ಎರಡರ ಸರಾಸರಿ ತೆಗೆದರೆ ಇಳಿಜಾರಿನ ತಪ್ಪು ತಾನೇ ಹೊಡೆದುಹೋಗುತ್ತದೆ. ಎರಡರ ನಡುವೆ ಎರಡು ಸೆಂ.ಮೀ. ಮೀರಿ ಅಂತರವಿದ್ದರೆ ಬೇರೆ ನೆಲ ಹುಡುಕಲು ಹೇಳಿ.

ಮಾರುವವರ ಅಳತೆ ಬಂದ ಮೇಲೆ ಹೋಲಿಸಲು ನಿಮ್ಮದೊಂದು ಬೇಕಲ್ಲ. ಒಳಗಾಲಿನ (ಕಾಲಸಂದಿಯಿಂದ ನೆಲದವರೆಗಿನ) ಅಳತೆಯನ್ನು 0.67ರಿಂದ ಗುಣಿಸಿ ಫ್ರೇಮ್ ಹುಡುಕುವುದು ಶುರುವಿಗೆ ಸಾಕು, ಮುಗಿಸಲು ಸಾಲದು. 81 ಸೆಂ.ಮೀ. ಕಾಲಿಗೆ 54 ಬರುತ್ತದೆ, ಮುಂಡದ ಉದ್ದ ಅದರಲ್ಲಿ ಎಲ್ಲಿದೆ? 0.883ರಿಂದ ಗುಣಿಸಿದರೆ ಸಿಗುವ, ಬಿ.ಬಿ.ಯಿಂದ ಸೀಟಿನ ಎತ್ತರ, ಅಂದರೆ ಅದೇ ಕಾಲಿಗೆ 71.5, ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಉಳಿದದ್ದಕ್ಕೆ, ಗೆಳೆಯರ ಸೈಕಲ್ಲುಗಳಲ್ಲಿ ಎರಡು ತಾಸು ಕೂತರೂ ಎಲ್ಲಿಯೂ ನೋಯದ ಒಂದನ್ನು ಹುಡುಕಿ, ಅದನ್ನು ಅದೇ ಗೋಡೆಗೆ ಹಚ್ಚಿ, ಸ್ಟೆಮ್ ಹ್ಯಾಂಡಲನ್ನು ಹಿಡಿದಿರುವ ಜಾಗದ ನಡುಬಿಂದುವಿನವರೆಗೆ ಅಳೆಯಿರಿ. ನನ್ನದು ಬಿ.ಬಿ.ಯಿಂದ ಮುಂದಕ್ಕೆ 47, ಮೇಲಕ್ಕೆ 61ರ ಹತ್ತಿರ. ಬಂದ ಪ್ರತಿ ಫ್ರೇಮಿಗೂ ಕೇಳುವುದು ಒಂದೇ ಪ್ರಶ್ನೆ: 90ರಿಂದ 110ರ ಸ್ಟೆಮ್ ಮತ್ತು ಮೂರು ಸೆಂ.ಮೀ. ಮೀರದ ಸ್ಪೇಸರಿನಲ್ಲಿ ಆ ಬಿಂದು ಸಿಗುತ್ತದೋ?

ಲೆಕ್ಕ ಸುಲಭ. ಒಂದು ಸೆಂ.ಮೀ. ಸ್ಪೇಸರ್ ಸೇರಿಸಿದರೆ ಹ್ಯಾಂಡಲ್ 3 ಮಿ.ಮೀ. ಹಿಂದಕ್ಕೆ ಬರುತ್ತದೆ. 6 ಡಿಗ್ರಿಯ 100ರ ಸ್ಟೆಮ್ ತಲೆಕೆಳಗು ಮಾಡಿದರೆ ಎರಡು ಸೆಂ.ಮೀ. ಮೇಲೇರುತ್ತದೆ, ಅರ್ಧ ಸೆಂ.ಮೀ.ಗಿಂತ ತುಸು ಹೆಚ್ಚು ಹತ್ತಿರ ಬರುತ್ತದೆ. ಹಾಗಾಗಿ ಸ್ಟ್ಯಾಕ್ 53, ರೀಚ್ 38.5 ಇರುವ ಫ್ರೇಮ್ ಉದ್ದವಾಗಿ ಕಂಡರೂ ಅದನ್ನು 55.5ಕ್ಕೆ ಏರಿಸುವ ಹೊತ್ತಿಗೆ ರೀಚ್ 37.8 ಆಗಿರುತ್ತದೆ. ಸ್ಟ್ಯಾಕ್ ಸರಿಗೂಡಿಸದೆ ರೀಚ್ ಹೋಲಿಸುವುದೇ ಎಲ್ಲರೂ ಮಾಡುವ ತಪ್ಪು.

ನಮ್ಮ ಬಯಲಿನಲ್ಲಿ ಹ್ಯಾಂಡಲಿಗೆ ಎತ್ತರ ಬೇಕೇ ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎದುರು ನಿಂತಾಗ ಜೇವರ್ಗಿ ರಸ್ತೆಯಲ್ಲಿ ಅರ್ಧ ತಾಸು ಬಾಗಿದ ಹ್ಯಾಂಡಲಿನ ಕೆಳಹಿಡಿಕೆಯಲ್ಲೇ ತಳ್ಳಬೇಕಾಗುತ್ತದೆ. ಕೆಳಹಿಡಿಕೆಗೆ ಕೈ ಹಾಕಲಾಗದಷ್ಟು ತಗ್ಗಿದ ಹ್ಯಾಂಡಲ್ ಇದ್ದು ಏನು ಮಾಡುವುದು?

ಫೋಟೋದಿಂದ ಅಳೆಯುವುದನ್ನೂ ಮಾಡಿ ನೋಡಿದ್ದೇನೆ. 25ರ ಟೈರ್ ಇದ್ದರೆ ಚಕ್ರದ ಹೊರವ್ಯಾಸ 672 ಮಿ.ಮೀ. ಫೋಟೋದಲ್ಲಿ ಚಕ್ರ 840 ಪಿಕ್ಸೆಲ್ ಬಂದರೆ ಒಂದು ಪಿಕ್ಸೆಲ್‌ಗೆ 0.8 ಮಿ.ಮೀ. ಆರೇಳು ಮೀಟರ್ ದೂರದಿಂದ, ಜೂಮ್ ಮಾಡಿ, ಬಗ್ಗಿ ಕೂತು ತೆಗೆದ ಫೋಟೋ ಆಗಬೇಕು. ಮುಂದಿನ ಹಿಂದಿನ ಚಕ್ರ ಒಂದೇ ಗಾತ್ರ ಬಂದಿರಬೇಕು, ಇಲ್ಲದಿದ್ದರೆ ಫೋಟೋ ಓರೆ. ಇದರಲ್ಲಿ ಒಂದು ಸೆಂ.ಮೀ. ಮೇಲೆಯೇ ತಪ್ಪು ಬರುತ್ತದೆ, ಹಾಗಾಗಿ ಬೇಡದ್ದನ್ನು ಜರಡಿ ಹಿಡಿಯಲು ಮಾತ್ರ. ಇದನ್ನು ಬಿಗಿ ಮಾಡುವ ಇನ್ನೊಂದು ಯುಕ್ತಿ ಇದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ, ಒಳ್ಳೆ ಸೈಕಲ್ಲಿಗೆ ಈಗಲೇ ಪೈಪೋಟಿ ಸಾಕಷ್ಟಿದೆ.

ಹೈಬ್ರಿಡ್ ಫ್ರೇಮಿಗೆ ಡ್ರಾಪ್ ಹ್ಯಾಂಡಲ್ ಹಾಕುವ ಆಸೆ ಬೇಡ. ಆ ಫ್ರೇಮಿನ ರೀಚ್ ಮೊದಲೇ ಎರಡು ಮೂರು ಸೆಂ.ಮೀ. ಹೆಚ್ಚು, ಹುಡ್ (ಬ್ರೇಕ್ ಲಿವರಿನ ಮೇಲೆ ಕೈ ಇಡುವ ಜಾಗ) ಇನ್ನೂ ಏಳೆಂಟು ಸೆಂ.ಮೀ. ಮುಂದೆ ಹೋಗುತ್ತದೆ. ಶಿಫ್ಟರ್ ಜೋಡಿಗೇ ಏಳೆಂಟು ಸಾವಿರ ಹೋದ ಮೇಲೆ ಹೈಬ್ರಿಡ್ಡಿನ ವಿ-ಬ್ರೇಕಿಗೆ ಬೇಕಾದ ಕೇಬಲ್ ಎಳೆತ ರೋಡ್ ಲಿವರಿಗೆ ಹೊಂದುವುದಿಲ್ಲ ಎಂದು ಗೊತ್ತಾಗುತ್ತದೆ. ಕ್ರ್ಯಾಂಕ್ (ಪೆಡಲಿನ ತೋಳು) ಬದಲಾವಣೆ ಮಾತ್ರ ಕೈ ಹಿಡಿಯಿತು: 175 ಮಿ.ಮೀ.ನದು ತೆಗೆದು ಸುಮಾರು 2,200ರ ಹಳೆ 170 ಹಾಕಿ ಸೀಟ್ 5 ಮಿ.ಮೀ. ಏರಿಸಿದ ಮೇಲೆ ಮೊಣಕಾಲು ಹೊಟ್ಟೆಗೆ ತಾಗುವುದು ನಿಂತಿತು. ಕ್ರ್ಯಾಂಕಿನ ಉದ್ದ ಅದರ ಒಳಮೈಯಲ್ಲಿ, ಪೆಡಲ್ ತೂತಿನ ಹತ್ತಿರ ಕೆತ್ತಿರುತ್ತದೆ. ಆ ಫೋಟೋ ಕೇಳಿ ಪಡೆಯಿರಿ.

ರೊಕ್ಕ ಕಳಿಸುವ ಮುನ್ನ ಒಂದು ವಿಡಿಯೋ ಬೇಕೇ ಬೇಕು. ಸೀಟ್ ಕ್ಲಾಂಪ್ ಸಡಿಲಿಸಿ ಪೋಸ್ಟನ್ನು ಎರಡು ಸೆಂ.ಮೀ. ಮೇಲೆ ಕೆಳಗೆ ಆಡಿಸಿ ತೋರಿಸಬೇಕು. ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಕೂತರೆ ಕಚ್ಚಿಕೊಂಡುಬಿಡುತ್ತದೆ. ಆಗ ಸೈಜ್ ಎಷ್ಟು ಸರಿ ಇದ್ದರೂ ಸೀಟು ನಿಮ್ಮ ಎತ್ತರಕ್ಕೆ ಬರುವುದಿಲ್ಲ. ಪೋಸ್ಟ್ ಕನಿಷ್ಠ ಎಷ್ಟು ಒಳಗಿರಬೇಕು ಎಂಬ ಗೆರೆಯೂ ವಿಡಿಯೋದಲ್ಲಿ ಕಾಣಬೇಕು. ಸ್ಟೆಮ್ ಕೆಳಗೆ ಎಷ್ಟು ಸ್ಪೇಸರ್, ಮೇಲೆ ಎಷ್ಟು ಎಂದು ಹತ್ತಿರದ ಫೋಟೋದಲ್ಲಿ ಎಣಿಸಿಕೊಳ್ಳಿ. ಕತ್ತರಿಸಿದ ಸ್ಟೀಯರರ್ ಮತ್ತೆ ಬೆಳೆಯುವುದಿಲ್ಲ, ಹೊಸ ಫೋರ್ಕ್ ಬೇಕೆಂದರೆ ಫ್ರೇಮಿನ ಅರ್ಧ ಬೆಲೆ.

ಮೂರನೆಯ ಸೈಕಲ್ ಹೈದರಾಬಾದಿನಿಂದ 34,000ಕ್ಕೆ, ಪೆಟ್ಟಿಗೆಯಲ್ಲಿ ಬಸ್ಸಿನ ಮೇಲೆ ಬಂತು. ಕಳಿಸಿದ ಅಳತೆಗೂ ನಮ್ಮ ಫರಸಿಯ ಮೇಲಿನ ಅಳತೆಗೂ ಮೂರು ನಾಲ್ಕು ಮಿ.ಮೀ. ಫರಕು ಮಾತ್ರ. ಮೊದಲೇ ಇದ್ದ 100ರ ಸ್ಟೆಮ್ ಇವತ್ತಿಗೂ ಅದರ ಮೇಲೇ ಇದೆ. ಪೆಟ್ಟಿಗೆ ಬಿಚ್ಚಿದ ದಿನವೇ, ಪೆಡಲ್ ಹಾಕುವ ಮೊದಲು, ಗೋಡೆಗೆ ಹಚ್ಚಿ ಅಳೆಯಿರಿ. ಒಂದು ಸೆಂ.ಮೀ. ಮೀರಿ ಬೇರೆ ಬಂದರೆ ಅದೇ ಸಂಜೆ ಮಾರಿದವರಿಗೆ ಟೇಪ್ ಕಾಣುವಂತೆ ಫೋಟೋ ಕಳಿಸಿ. ವಾರ ಓಡಿಸಿದ ಮೇಲೆ ಹೇಳಿದರೆ ಯಾರೂ ಹಿಂದಕ್ಕೆ ತಗೊಳ್ಳುವುದಿಲ್ಲ.