ಏಳು ಕ್ಲಾಸು, ಮೂರು ಜನ ಕಾಯಂ ಟೀಚರ್: ನಮ್ ಶಾಲಿ ನಡೆಸಿದ್ದು ಹಿಂಗ

ನಾನು ರಾಯಚೂರು ಜಿಲ್ಲಾ ಮಾನ್ವಿ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲ್ಯಾಗ ಪ್ರಭಾರಿ ಹೆಚ್‌ಎಂ ಅದೀನಿ. 1ರಿಂದ 5ಕ್ಕ ನೂರರ ಮ್ಯಾಲ ಹುಡುಗ್ರು, ಆರು ಏಳು ಸೇರಿ ಐವತ್ತರ ಹತ್ರ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 1-5ರಾಗ 91ರಿಂದ 120 ಮಕ್ಕಳಿದ್ರ 4 ಜನ ಟೀಚರ್ ಬೇಕು, ಮ್ಯಾಲಿನ ಕ್ಲಾಸಿಗೆ ಗಣಿತ-ವಿಜ್ಞಾನಕ್ಕೊಬ್ರು, ಸಮಾಜಕ್ಕೊಬ್ರು, ಭಾಷೆಗೊಬ್ರು ಇರ್ಲೇಬೇಕು. ಅಂದ್ರ ಏಳು ಜನ. ಇದ್ದಿದ್ದು ನನ್ನ ಹಿಡ್ಕೊಂಡು ಮೂರು ಕಾಯಂ, ಜೊತಿಗೆ ಇಬ್ರು ಅತಿಥಿ ಶಿಕ್ಷಕರು, ಅದರಾಗ ಒಬ್ರು ಆಮ್ಯಾಲ ಬಂದೋರು. ಮಂಜೂರಾದ ಹುದ್ದೆಯಾಗ ಖಾಲಿ 10 ಪರ್ಸೆಂಟ್ ದಾಟಬಾರದು ಅಂತ ಅದೇ ಕಾಯ್ದೆ 26ನೇ ಸೆಕ್ಷನ್‌ನ್ಯಾಗ ಬರದೈತಿ, ನಮ್ ಕಡೆ ಶಾಲಿಗೋಳ ಪರಿಸ್ಥಿತಿ ನೋಡಿದೋರಿಗೆ ಮುಂದಿಂದು ಹೇಳೋದು ಬ್ಯಾಡ.

ಸಾಮಾನ್ಯವಾಗಿ ಏನ್ ಮಾಡ್ತಾರ ಅಂದ್ರ ಅನುಭವ ಇದ್ದೋರು ಏಳನೇತ್ತ ಹಿಡಿತಾರ, ಹೊಸದಾಗಿ ಬಂದ ಅತಿಥಿ ಶಿಕ್ಷಕರಿಗೆ ನಲಿ-ಕಲಿ, ಅಂದ್ರ ಒಂದರಿಂದ ಮೂರನೇತ್ತ, ಕೊಟ್ಟು ಬಿಡ್ತಾರ. ನಾವು ಇದನ್ನ ಉಲ್ಟಾ ಮಾಡಿದ್ವಿ. ಎಲ್ಲರಿಗಿಂತ ಸೀನಿಯರ್ ಅಕ್ಕೋರು ನಲಿ-ಕಲಿಗೆ ಹೋದ್ರು, ಯಾಕಂದ್ರ ಒಂದು ಎರಡು ಮೂರು ಮೂರೂ ಕ್ಲಾಸಿನ ಹುಡುಗ್ರು ಒಂದೇ ರೂಮಿನ್ಯಾಗ ಕುಂತಿರ್ತಾರ, ಒಬ್ರು ಕಾರ್ಡ್ ಹಿಡ್ಕೊಂಡು ತಾವೇ ಕಲಿತಿರ್ತಾರ ಇನ್ನೊಬ್ರಿಗೆ ಟೀಚರ್ ಪಕ್ಕದಾಗೇ ಕುಂದ್ರಬೇಕು, ಅದನ್ನ ನಿಭಾಯ್ಸಾಕ ಕೈ ಪಳಗಿರಬೇಕು. ಅಲ್ಲಿ ಓದಾಕ ಬರಲಾರದೆ ನಾಕನೇತ್ತಕ್ಕ ಬಂದ ಹುಡುಗಗ ಆಮ್ಯಾಲ ಪರಿಸರ, ಗಣಿತ ಯಾವ್ದೂ ಹತ್ತಂಗಿಲ್ಲ.

ಇನ್ನ ನಾಕರಿಂದ ಏಳರ ತನಕ ದಿನಾ ಮೊದಲನೇ ಪಿರಿಯಡ್ ಕ್ಲಾಸ್ ಪ್ರಕಾರ ಇಲ್ಲ, ಓದೋ ಮಟ್ಟದ ಪ್ರಕಾರ. ಜೂನ್‌ನ್ಯಾಗ ಒಬ್ಬೊಬ್ಬರನ್ನೇ ಹತ್ರ ಕರ್ದು ಓದ್ಸಿ ನೋಡಿದ್ವಿ, ಅಕ್ಷರಕ್ಕ ನಿಂತೋರು, ಪದ ಓದೋರು, ಪ್ಯಾರಾ ಓದೋರು ಅಂತ ಮೂರು ಗುಂಪು ಆತು. ಏಳನೇತ್ತ ಹುಡುಗ್ರಿಗೆ ನಾಕನೇತ್ತದೋರ ಜೊತಿ ಕುಂದ್ರಾಕ ಭಾಳ ಮುಜುಗರ, ಅದಕ್ಕ ಗುಂಪಿಗೆ ತುಂಗಾ, ಕೃಷ್ಣಾ, ಭೀಮಾ ಅಂತ ಹೆಸರಿಟ್ಟು ಪುಸ್ತಕ ಹಂಚೋದು, ಹಾಜರಿ ಬರ್ಯೋದು ದೊಡ್ಡೋರ ಕೈಯಾಗೇ ಕೊಟ್ವಿ. ದಸರಾ ರಜಾದ ಹೊತ್ತಿಗೆ ಅಕ್ಷರದ ಗುಂಪು ಅರ್ಧಕ್ಕಿಂತ ಕಮ್ಮಿ ಆತು.

ಆದ್ರ ದಸರಾ ಆದ್ಮ್ಯಾಲೆನೇ ನಮಗ ಖರೇ ಪರೀಕ್ಷಾ. ಹತ್ತಿ ಬಿಡಿಸೋ ಸೀಜನ್, ಅದರ ಹಿಂದೆ ಮೆಣಸಿನಕಾಯಿ. ಹಾಜರಿ ಪುಸ್ತಕದಾಗ ಒಂದು ಸಾಲು ಪೂರ್ತಿ ಗೈರು. ಐದನೇತ್ತದ ಒಂದು ಹುಡುಗಿ, ಛಲೋ ಓದಾಕಿ, ಬರ್ಲಿಲ್ಲ ಅಂತ ಮನಿಗೆ ಹೋದ್ರ ಅವರವ್ವ ಅಂದ್ರು, "ಸರ್, ಹತ್ತಿ ನಮ್ಮ ಸಲುವಾಗಿ ನಿಂದ್ರತೈತೇನ್ರಿ, ಮಳಿ ಬಂತಂದ್ರ ಹೊಲದಾಗೇ ಹಾಳಾಗ್ತೈತಿ. ಅಕಿ ಸಣ್ಣಾತನ್ನ ನೋಡ್ಕೋತಾಳ, ನಾವು ಹೋಗ್ತೀವ್ರಿ." ಹುಡುಗಿ ಕೈ ನೋಡ್ದೆ, ಬೆರಳ ತುದಿಗೆ ಒಣಗಿದ ಹತ್ತಿಕಾಯಿ ಮುಳ್ಳು ಚುಚ್ಚಿ ಚುಚ್ಚಿ ಗೆರಿ ಬಿದ್ದಿದ್ವು. ಬರೇ ತಮ್ಮನ್ನ ನೋಡ್ಕೊಂಡು ಕುಂತ ಕೈ ಅಲ್ಲ ಅದು. ಕಿಲೋ ಲೆಕ್ಕದಾಗ ಕೂಲಿ, ಎಷ್ಟು ಕೈ ಹೊಲಕ್ಕ ಇಳಿತಾವೋ ಅಷ್ಟು ರೊಕ್ಕ.

ಅಲ್ಲಿ ನಿಂತು ಕಾಯ್ದೆ ಹೇಳಿದ್ರ ಏನೂ ಉಪಯೋಗ ಇಲ್ಲ. ತಮ್ಮಗ ಮೂರು ವರ್ಷ ತುಂಬಿದ್ವು, ಅಂಗನವಾಡಿ ನಮ್ ಕಂಪೌಂಡಿನ್ಯಾಗೇ ಐತಿ, ಅಲ್ಲಿ ಕಾರ್ಯಕರ್ತೆಯರ ಜೊತಿ ಮಾತಾಡಿ ಅವನ್ನ ಅಲ್ಲಿ ಸೇರಿಸಿದ್ವಿ, ಅಕ್ಕ ತಮ್ಮ ಕೂಡೇ ಬರೋದು ಕೂಡೇ ಹೋಗೋದು. ಎಸ್‌ಡಿಎಂಸಿ (ಪಾಲಕರು ಇರೋ ಶಾಲಾ ಸಮಿತಿ) ಒಳಗ ಇದ್ದ ತಾಯಂದಿರೇ ಮುಂಜಾನೆ ಹೊಲಕ್ಕ ಟಂಟಂ ಹೊಂಡೋ ಜಾಗದಾಗ ನಿಂತು ಶಾಲಿ ಹುಡುಗ್ರನ್ನ ಇಳಿಸಿಕೊಳ್ಳಾಕ ಶುರು ಮಾಡಿದ್ರು. ನಾವು ಮಾಸ್ತರು ಹೇಳಿದ್ರ ಕೇಳಲಾರದೋರು ಅವರ ಮಾತು ಕೇಳಿದ್ರು. ಎಲ್ಲಾರೂ ಬಂದ್ರು ಅಂತ ಹೇಳಂಗಿಲ್ಲ, ಭಾಳ ಮಂದಿ ಬಂದ್ರು. ಬಂದೋರಿಗೆ ಬಿಟ್ಟ ಪಾಠ ಹಿಡಿಸಾಕ ಸಂಜಿ ಅರ್ಧ ತಾಸು ಒಬ್ಬ ಅತಿಥಿ ಶಿಕ್ಷಕರು ಕುಂದ್ರತಿದ್ರು, ಗೌರವಧನ ತಡಾ ಆಗಿ ಬಸ್ ಚಾರ್ಜಿಗೂ ತ್ರಾಸ ಪಡೋ ಟೈಮಿನ್ಯಾಗ ಅವರು ಹಂಗ ಕುಂತಿದ್ದನ್ನ ನಾನು ಮರಿಯಂಗಿಲ್ಲ.

ಬೆಂಗಳೂರಿಗೆ ಗುಳೆ ಹೋಗೋ ಮನಿಯೋರಿಗೆ ಒಂದು ಕಾಗದದ ಮ್ಯಾಲ ಹುಡುಗನ ಎಸ್‌ಎಟಿಎಸ್ ನಂಬರ್ (ಸರ್ಕಾರಿ ಆನ್‌ಲೈನ್ ದಾಖಲೆಯಾಗ ಪ್ರತಿ ಹುಡುಗಗ ಇರೋ ನಂಬರ್), ಕ್ಲಾಸು, ನನ್ನ ಫೋನ್ ನಂಬರ್ ಬರ್ದು ಕೊಡ್ತೀನಿ. ಟಿಸಿ ತಡಾ ಆತು ಅಂತ ಅಲ್ಲಿ ಶಾಲಿಯೋರು ಸೇರಿಸಿಕೊಳ್ಳಲಾರದೆ ಇರೋಹಂಗಿಲ್ಲ, ಆರ್‌ಟಿಇ 5ನೇ ಸೆಕ್ಷನ್ ಐತಿ. ಆದ್ರ ಕಟ್ಟಡ ಕೆಲಸಕ್ಕ ಹೋದ ತಂದಿ ಸೆಕ್ಷನ್ ಹೇಳ್ತಾನೇನು, ಚೀಟಿ ತೋರಿಸ್ತಾನ, ಅಲ್ಲಿ ಹೆಚ್‌ಎಂ ನನಗ ಫೋನ್ ಹಚ್ತಾರ, ಕೆಲಸ ಆಗ್ತೈತಿ.

ಚುನಾವಣೆ, ಜನಗಣತಿ, ವಿಪತ್ತು ಪರಿಹಾರ ಬಿಟ್ರ ಬ್ಯಾರೆ ಕೆಲಸಕ್ಕ ಟೀಚರ್‌ನ್ನ ಹಚ್ಚಬಾರದು ಅಂತ ಅದೇ ಕಾಯ್ದೆ 27ನೇ ಸೆಕ್ಷನ್ ಹೇಳ್ತೈತಿ. ಮೂರು ಜನರಾಗ ಒಬ್ರು ಟ್ರೇನಿಂಗ್‌ಗೆ, ಒಬ್ರು ಮೀಟಿಂಗ್‌ಗೆ ಹೋದ ದಿನ ನಾನು ಒಂದು ವಹಿ ಮಾಡಿ ಬರ್ದಿಟ್ಟೆ: ಯಾವ ದಿನ, ಯಾರು, ಯಾತಕ್ಕ, ಯಾವ ಕ್ಲಾಸ್ ಖಾಲಿ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಶಿಕ್ಷಕರ ಬೇಡಿಕೆ ಕೊಡುವಾಗ ಅದರ ಝೆರಾಕ್ಸ್, ಎಸ್‌ಡಿಎಂಸಿ ಠರಾವು ಎರಡೂ ಹಚ್ಚಿದ್ವಿ. ಬಾಯಿ ಮಾತಿಲೆ "ಸಿಬ್ಬಂದಿ ಕಮ್ಮಿ ಅದಾರ್ರಿ" ಅಂದ್ರ ಎಲ್ಲಾ ಶಾಲಿಯೋರೂ ಅದೇ ಅಂತಾರ, ವಹಿ ನೋಡಿದ ಮ್ಯಾಲ ಎರಡನೇ ಅತಿಥಿ ಶಿಕ್ಷಕರನ್ನ ಕೊಟ್ರು.

ಗಣಿತ-ವಿಜ್ಞಾನದ ಹುದ್ದೆ ಇನ್ನೂ ಖಾಲಿನೇ ಐತಿ. ಆರು ಏಳಕ್ಕ ಸದ್ಯ ನಾನೇ ಗಣಿತ ತಗೋತೀನಿ, ವಿಜ್ಞಾನ ನನ್ನ ವಿಷಯ ಅಲ್ಲ, ಆ ಹುಡುಗ್ರಿಗೆ ಅದನ್ನ ಓದಿದ ಟೀಚರ್ ಸಿಗಬೇಕು. ವರ್ಗಾವಣೆ ಕೌನ್ಸೆಲಿಂಗ್‌ನ್ಯಾಗ ಮಾನ್ವಿ ತಾಲೂಕು ನೋಡೋರು ಯಾರರ ಇದ್ರ ದಯವಿಟ್ಟು ಬರ್ರಿ, ಊರಿಗೆ ಬಸ್ ಐತಿ, ಬಾಡಿಗಿ ಮನಿ ನಾವೇ ಹುಡುಕಿ ಕೊಡ್ತೀವಿ.