ಭಾನುವಾರ ಬಾರದ ಹೊಟ್ಟೆನೋವು: ಪದೇ ಪದೇ ಗೈರಾಗುವ ಮಗುವನ್ನು ಶಾಲೆಗೆ ಕರೆತರುವುದು ಹೇಗೆ?

ಆರನೇ ಕ್ಲಾಸಿನ ಹುಡುಗಿ. ಕೊಡಗಿನ ವಿರಾಜಪೇಟೆ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ ವಾಸ. ಬೆಳಿಗ್ಗೆ ಯೂನಿಫಾರಂ ಹಾಕಿ, ಜಡೆ ಹೆಣೆಸಿಕೊಂಡು, ಬ್ಯಾಗು ಹೆಗಲಿಗೇರಿಸಿದ ಮೇಲೆ ಹೊಟ್ಟೆನೋವು ಶುರು. ಹೊಸ್ತಿಲಲ್ಲೇ ಕೂತುಬಿಡುತ್ತಾಳೆ. ಹತ್ತು ಗಂಟೆ ದಾಟಿದರೆ ನೋವು ತಾನಾಗಿ ಇಳಿಯುತ್ತದೆ. ಭಾನುವಾರ ಬರುವುದೇ ಇಲ್ಲ. ಮನೆಯವರು ನಾಟಕ ಅಂದರು. ಟೀಚರಾಗಿ ನಾನು ಸೋಮಾರಿತನ ಅಂದುಕೊಂಡೆ. ಇಬ್ಬರದೂ ತಪ್ಪು. ಹೆದರಿಕೆ ಇರುವುದು ಮನಸ್ಸಿನಲ್ಲಾದರೂ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಶಾಲೆ ನಡೆದ ದಿನಗಳಲ್ಲಿ ಶೇ 10ರಷ್ಟು ತಪ್ಪಿದರೆ ಅದು ಗಮನ ಕೊಡಬೇಕಾದ ಗೈರು. ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ ಪಾಠ ನಡೆಯಬೇಕು. ಅದರಲ್ಲಿ 22 ದಿನ ಅಂದರೆ ತಿಂಗಳಿಗೆ ಎರಡೇ ದಿನ. ಕಣ್ಣಿಗೇ ಬೀಳುವುದಿಲ್ಲ ಅಲ್ವಾ? ಎಷ್ಟು ದಿನ ಎಂದು ಎಣಿಸಿದರೆ ಸಾಲದು, ಯಾವ ದಿನ ಎಂದೂ ನೋಡಿ. ಸೋಮವಾರವೇ? ಟೆಸ್ಟಿನ ದಿನವೇ? ಮಳೆ ರಜೆ ಮುಗಿದ ಮರುದಿನವೇ?

ಕಾಫಿ ಕೊಯ್ಲಿನ ತಿಂಗಳುಗಳಲ್ಲೇ ಗೈರಾದರೆ ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುತ್ತಿರಬಹುದು. ಚಿಕ್ಕ ಮಗುವನ್ನು ಅಂಗನವಾಡಿಗೆ ಸೇರಿಸಿದರೆ ದೊಡ್ಡದು ಶಾಲೆಗೆ ಬರುತ್ತದೆ. ಆನೆ ಓಡಾಡುವ ದಾರಿಯಲ್ಲಿ ನಡೆದು ಬರಬೇಕಾದ ಮಗುವಿಗೆ ಧೈರ್ಯ ಹೇಳಿ ಏನೂ ಉಪಯೋಗವಿಲ್ಲ. ಅದಕ್ಕೆ ಜೊತೆ ಬೇಕು, ವಾಹನ ಬೇಕು. ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಗಟ್ಟಿಯಾಗಿ ಕೇಳಿ. 2018ರ ಭೂಕುಸಿತ ಕಂಡ ಮನೆಯ ಮಗು ಜೋರು ಮಳೆಯಲ್ಲಿ ಅಮ್ಮನನ್ನು ಬಿಟ್ಟು ಹೊರಡದಿದ್ದರೆ, ಹಠ ಅನ್ನಬೇಡಿ.

ಇನ್ನು ಮಗುವಿನ ಜೊತೆ ಮಾತು. "ಯಾಕೆ ಬರಲಿಲ್ಲ?" ಎಂದರೆ ತಲೆ ತಗ್ಗಿಸುತ್ತದೆ, ಅಷ್ಟೇ. ನಾನು ಆ ಹುಡುಗಿಯ ಪಕ್ಕ ಜಗಲಿಯಲ್ಲಿ ಕೂತು, "ಬೆಳಿಗ್ಗೆ ಎದ್ದಾಗಿನಿಂದ ಸಂಜೆವರೆಗೆ ಯಾವ ಹೊತ್ತು ಕಷ್ಟ ಆಗುತ್ತೆ ಪುಟ್ಟಿ?" ಎಂದು ಕೇಳಿದೆ. ತುಂಬಾ ಹೊತ್ತು ಸುಮ್ನಿದ್ದಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ, "ಎದ್ದು ನಿಂತು ಓದೋದು ಟೀಚರ್. ಎಲ್ರೂ ನಗ್ತಾರೆ" ಅಂದಳು. ಅವಳ ಮನೆಮಾತು ಯರವ, ಇಲ್ಲಿನ ಯರವ ಬುಡಕಟ್ಟಿನವರ ಭಾಷೆ. ಕನ್ನಡ ಓದುವಾಗ ಉಚ್ಚಾರ ಬೇರೆ ಆಗುತ್ತಿತ್ತು. ಕ್ಲಾಸು ನಗುತ್ತಿತ್ತು, ನಾನು ತಡೆದಿರಲಿಲ್ಲ. ಆ ತಪ್ಪು ನನ್ನದು.

ಹೊಟ್ಟೆನೋವನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಬೇರೆ ಕಾಯಿಲೆ ಇಲ್ಲ ಎಂದು ಖಾತ್ರಿಯಾದರೆ ಮುಂದಿನ ಕೆಲಸ ಸುಲಭ.

ಆಮೇಲೆ ಮರಳಿ ಕರೆತರುವುದು. ಇದಕ್ಕೆ ಜಾಸ್ತಿ ತಾಳ್ಮೆ ಬೇಕು. ಮನೆಯಲ್ಲಿ ಉಳಿದ ಕೂಡಲೇ ಹೆದರಿಕೆ ಇಳಿಯುತ್ತದೆ. ಆ ನೆಮ್ಮದಿಯೇ ಮರುದಿನದ ಹೊರಡುವಿಕೆಯನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಹಾಗಾಗಿ "ಪೂರ್ತಿ ಸರಿಹೋದ ಮೇಲೆ ಬರಲಿ" ಎಂದು ಕಾಯಬೇಡಿ. ಎಳೆದುಕೊಂಡೂ ಬರಬೇಡಿ. ಮೊದಲ ಎರಡು ದಿನ ಬಿಸಿಯೂಟದ ಹೊತ್ತಿಗೆ ಬಂದು ಹೋಗಲಿ. ಮೂರನೇ ದಿನ ಊಟ ಮಾಡಿ ಒಂದು ಪೀರಿಯಡ್ ಕೂರಲಿ. ಮುಂದಿನ ವಾರ ಅರ್ಧ ದಿನ. ಗೇಟಿನಲ್ಲಿ ದಿನವೂ ಅದೇ ಒಬ್ಬರು ಕಾದು ನಿಲ್ಲಲಿ. ಟೀಚರೇ ಆಗಬೇಕೆಂದಿಲ್ಲ, ಅಡುಗೆ ಅಕ್ಕ ಆದರೂ ಸರಿ. ಹುಡುಗಿ ನನಗೊಬ್ಬಳಿಗೇ ಓದಿ ಒಪ್ಪಿಸಿದಳು, ನಂತರ ಇಬ್ಬರು ಗೆಳತಿಯರ ಮುಂದೆ ಓದಿದಳು. ಕ್ಲಾಸಿನ ಮುಂದೆ ಓದಿಸಲು ನಾನು ಅವಸರ ಮಾಡಲಿಲ್ಲ.

ಬಂದ ದಿನ "ಏನಮ್ಮಾ, ದಾರಿ ತಪ್ಪಿ ಬಂದ್ಯಾ?" ಅನ್ನಬೇಡಿ. ತಮಾಷೆಗೂ ಬೇಡ. ಹೊಡೆಯುವುದು ಮಾತ್ರವಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯವರಿಗೂ ಒಂದು ಮಾತು: ಮಗು ಮನೆಯಲ್ಲುಳಿದ ದಿನ ಬೈಯಬೇಡಿ, ಹಾಗೆಂದು ಮೊಬೈಲನ್ನೂ ಕೊಡಬೇಡಿ. ಶಾಲೆಯ ಹೊತ್ತಿನಲ್ಲಿ ಶಾಲೆಯ ಪುಸ್ತಕವೇ ಇರಲಿ.

ಎರಡು ವಾರ ಪ್ರಯತ್ನಪಟ್ಟರೂ ಬದಲಾವಣೆ ಕಾಣದಿದ್ದರೆ, ನಿದ್ದೆ ಊಟ ಬಿಟ್ಟರೆ, ಆಪ್ತಸಮಾಲೋಚಕರ ಅಥವಾ ಮನೋವೈದ್ಯರ ನೆರವು ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗು ಸಾಯುವ ಮಾತಾಡಿದರೆ, ಮೈಗೆ ಗಾಯ ಮಾಡಿಕೊಂಡರೆ ಒಂದು ದಿನವೂ ಕಾಯಬೇಡಿ. ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಹೊಡೆತ, ದೌರ್ಜನ್ಯ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ನಡುವೆ ಜಾರುವುದುಂಟು. ನಮ್ಮಲ್ಲಿ ಜುಲೈ ಮಳೆಗೆ ರಜೆ ಮೇಲೆ ರಜೆ. ಒಂದು ವಾರ ಮನೆಯಲ್ಲಿದ್ದ ಮಗುವಿಗೆ ಮತ್ತೆ ಮೊದಲ ದಿನದಷ್ಟೇ ಕಷ್ಟ. ರಜೆಯ ಕೊನೆಯ ಸಂಜೆ ಮನೆಗೊಂದು ಫೋನ್ ಮಾಡಿ, ಬ್ಯಾಗ್ ಜೋಡಿಸಿಡಲು ಹೇಳಿ. ತಪ್ಪಿಸಿಕೊಂಡರೆ ಒಂದು ಮೆಟ್ಟಿಲು ಕೆಳಗಿಳಿದು ಅಲ್ಲಿಂದ ಶುರು ಮಾಡಿ. ಹುಡುಗಿ ಮಳೆ ರಜೆ ಮುಗಿದ ಮೇಲೆ ಎರಡು ದಿನ ಬರಲಿಲ್ಲ. ಮೂರನೇ ದಿನ ಬಿಸಿಯೂಟದ ಹೊತ್ತಿಗೆ ಒದ್ದೆ ಕೊಡೆ ಮಡಚಿ ಬಾಗಿಲ ಪಕ್ಕ ಒರಗಿಸಿಟ್ಟು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು.